ಓವರ್‌ಸ್ಪೀಡ್ ದಂಡ ಬೀಳುವುದು ಹೇಗೆ, ಬೀಳದ ಹಾಗೆ ಗಾಡಿ ಓಡಿಸುವುದು ಹೇಗೆ

ಮೈಸೂರಿನಲ್ಲಿ ಅಕ್ಕನ ಮನೆ ಗೃಹಪ್ರವೇಶ ಮುಗಿಸಿಕೊಂಡು ಬೆಂಗಳೂರಿಗೆ ಬಂದ ಮೂರನೇ ದಿನ ನನ್ನ ಫೋನಿಗೆ ಎರಡು ಮೆಸೇಜ್ ಬಂದವು. ಎರಡೂ ಓವರ್‌ಸ್ಪೀಡ್ ದಂಡದವು. ಒಂದು ಹೋಗುವಾಗಿನದು, ಇನ್ನೊಂದು ಬರುವಾಗಿನದು. ಒಂದರಲ್ಲಿ ಗಂಟೆಗೆ 111 ಕಿ.ಮೀ., ಇನ್ನೊಂದರಲ್ಲಿ 114.

ಜೋರಾಗಿ ಓಡಿಸಿದ ನೆನಪೇ ನನಗಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಅಮ್ಮ ಮನೆಗೆ ಬಂದು ಇಳಿಯುವಾಗ "ಆರಾಮಾಗಿ ಕರ್ಕೊಂಡು ಬಂದೆ ಕಣಪ್ಪ" ಅಂದಿದ್ದರು. ಹಿಂದಿನ ಸೀಟಿನಲ್ಲಿ ಮಕ್ಕಳು ಮಲಗಿದ್ದರು. ಮೊದಲು ಕ್ಯಾಮೆರಾನೇ ತಪ್ಪು ಅಂದುಕೊಂಡೆ. ಫೋಟೋ ತೆಗೆದು ನೋಡಿದರೆ ನನ್ನದೇ ಕಾರು, ನನ್ನದೇ ನಂಬರ್, ಡ್ಯಾಶ್‌ಬೋರ್ಡ್ ಮೇಲಿನ ಗಣಪತಿ ಕೂಡ ಕಾಣುತ್ತಿದ್ದ.

ಆರಾಮಾಗಿ ಬಂದ ಹಾಗೆ ಅನಿಸಿದ ಗಾಡಿ 114ರಲ್ಲಿ ಇದ್ದದ್ದು ಹೇಗೆ? ಇದನ್ನು ಸರಿಯಾಗಿ ತಿಳಿದುಕೊಳ್ಳೋಣ ಅಂತ ಕಾನೂನು, ಕ್ಯಾಮೆರಾ, ಕಾರಿನ ಮೀಟರ್ ಎಲ್ಲವನ್ನೂ ಒಂದೊಂದಾಗಿ ನೋಡುತ್ತಾ ಹೋದೆ. ಬೇಕೆಂತಲೇ 140ರಲ್ಲಿ ಓಡಿಸುವವರಿಗೆ ಈ ಲೇಖನದಿಂದ ಏನೂ ಉಪಯೋಗವಿಲ್ಲ. ನನ್ನ ಹಾಗೆ ಗೊತ್ತಿಲ್ಲದೆ ಮಿತಿ ದಾಟುವವರೇ ಜಾಸ್ತಿ ಅಂತ ನನಗನಿಸುತ್ತದೆ. ಇದು ಅವರಿಗಾಗಿ.

ವೇಗ ಅಳೆಯುವುದು ಹೇಗೆ

ಪೊಲೀಸರ ಕೈಯಲ್ಲಿ ಇರುವ ಸ್ಪೀಡ್ ಗನ್‌ಗಳಲ್ಲಿ ಎರಡು ಬಗೆ. ಒಂದು ರೇಡಾರ್. ರೈಲು ಹಾರ್ನ್ ಹೊಡೆಯುತ್ತಾ ನಮ್ಮ ಕಡೆ ಬರುವಾಗ ಸದ್ದು ಸಣ್ಣಗೆ, ಕೀರಲಾಗಿ ಕೇಳುತ್ತದೆ. ನಮ್ಮನ್ನು ದಾಟಿದ ತಕ್ಷಣ ದಪ್ಪ ಆಗುತ್ತದೆ. ಅಲ್ವಾ? ರೇಡಾರ್ ಅಲೆಗೂ ಹಾಗೇ ಆಗುತ್ತದೆ. ಗನ್‌ನಿಂದ ಹೊರಟ ಅಲೆ ಓಡುತ್ತಿರುವ ಕಾರಿಗೆ ಬಡಿದು ವಾಪಸ್ ಬರುವಾಗ ಅದರ ಆವರ್ತನ ಸ್ವಲ್ಪ ಬದಲಾಗಿರುತ್ತದೆ. ಎಷ್ಟು ಬದಲಾಯಿತು ಅನ್ನುವುದರಿಂದ ಕಾರಿನ ವೇಗ ಗೊತ್ತಾಗುತ್ತದೆ.

ಇನ್ನೊಂದು ಲೇಸರ್. ಬೆಳಕಿನ ಸಣ್ಣ ಸಣ್ಣ ಮಿಣುಕುಗಳು ಸಾಲಾಗಿ ಕಾರಿಗೆ ಬಡಿದು ವಾಪಸ್ ಬರುತ್ತವೆ. ಪ್ರತಿ ಮಿಣುಕು ಹೋಗಿ ಬರಲು ಹಿಡಿದ ಸಮಯದಿಂದ ಕಾರು ಎಷ್ಟು ದೂರದಲ್ಲಿದೆ ಅಂತ ತಿಳಿಯುತ್ತದೆ. ಆ ದೂರ ಎಷ್ಟು ಬೇಗ ಕಮ್ಮಿ ಆಗುತ್ತಿದೆ ಅನ್ನುವುದೇ ವೇಗ. ಈ ಕೆಲಸ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಕಿರಣ ತೆಳ್ಳಗಿರುವುದರಿಂದ ಗುಂಪಿನಲ್ಲಿ ಒಂದೇ ಕಾರನ್ನು ಆರಿಸಿ ಅಳೆಯಬಹುದು, ಅದೂ ನೂರಾರು ಮೀಟರ್ ದೂರದಿಂದ. ನಮಗೆ ಪೊಲೀಸರು ಕಾಣಿಸಿ ಬ್ರೇಕ್ ಒತ್ತುವ ಹೊತ್ತಿಗೆ ನಮ್ಮ ವೇಗ ಆಗಲೇ ದಾಖಲಾಗಿರುತ್ತದೆ. ಆಮೇಲೆ ಹಾಕುವ ಗಾಬರಿ ಬ್ರೇಕ್‌ನಿಂದ ಹಿಂದಿನ ಗಾಡಿಯವನಿಗೆ ಅಪಾಯ ಅಷ್ಟೇ.

ರಸ್ತೆ ಬದಿ ನಿಂತು ಓರೆಯಾಗಿ ಅಳೆದರೆ ತಪ್ಪು ಬರುತ್ತದೆ ಅಂತ ಕೆಲವರು ವಾದ ಮಾಡುತ್ತಾರೆ. ಬರುವುದು ನಿಜ. ಆದರೆ ನಿಂತಲ್ಲಿಂದ ಓರೆಯಾಗಿ ಅಳೆದಾಗ ವೇಗ ಇರುವುದಕ್ಕಿಂತ ಕಮ್ಮಿಯಾಗಿ ಕಾಣುತ್ತದೆ. ಅಂದರೆ ಆ ತಪ್ಪು ನಮಗೇ ಅನುಕೂಲ.

ಈಗ ಜಾಸ್ತಿ ದಂಡ ಬೀಳುವುದು ಗನ್ ಹಿಡಿದ ಪೊಲೀಸರಿಂದಲ್ಲ, ಕಂಬದ ಮೇಲಿನ ಕ್ಯಾಮೆರಾಗಳಿಂದ. ಬೆಂಗಳೂರು ನಗರದಲ್ಲಿ 2022ರ ಡಿಸೆಂಬರ್‌ನಲ್ಲಿ 50 ಜಂಕ್ಷನ್‌ಗಳಲ್ಲಿ ಐಟಿಎಂಎಸ್, ಅಂದರೆ ಕ್ಯಾಮೆರಾ ಮತ್ತು ಕಂಪ್ಯೂಟರ್‌ನಿಂದ ಸಂಚಾರದ ಮೇಲೆ ಕಣ್ಣಿಡುವ ವ್ಯವಸ್ಥೆ ಶುರುವಾಯಿತು. ನಂಬರ್ ಪ್ಲೇಟ್ ತಾನೇ ಓದುವ 250 ಕ್ಯಾಮೆರಾ, ಸಿಗ್ನಲ್ ಜಂಪ್ ಹಿಡಿಯುವ 80 ಕ್ಯಾಮೆರಾ ಹಾಕಿದರು. ಮುಂದೆ ಮೈಸೂರು ಹೆದ್ದಾರಿಗೂ ಇಂಥ ಕ್ಯಾಮೆರಾ ಬಂದವು. ಕ್ಯಾಮೆರಾ ಪ್ಲೇಟ್ ಓದುತ್ತದೆ, ಕಂಪ್ಯೂಟರ್ ಆರ್‌ಸಿ ದಾಖಲೆಯಲ್ಲಿ ಮಾಲೀಕರನ್ನು ಹುಡುಕುತ್ತದೆ, ಮೆಸೇಜ್ ಹೋಗುತ್ತದೆ.

ಇದರ ಜೊತೆ ಸರಾಸರಿ ವೇಗ ನೋಡುವ ಪದ್ಧತಿಯೂ ಇದೆ. ಇಟಲಿ, ಬ್ರಿಟನ್‌ನಂಥ ಕಡೆ ಇದು ಬಹಳ ವರ್ಷಗಳಿಂದ ಇದೆ. ಲೆಕ್ಕ ಸುಲಭ. ಎರಡು ಕ್ಯಾಮೆರಾ ನಡುವೆ 20 ಕಿ.ಮೀ. ಇದೆ ಅಂದುಕೊಳ್ಳಿ. 100ರ ಮಿತಿಯಲ್ಲಿ ಬಂದರೆ ಆ ದೂರಕ್ಕೆ 12 ನಿಮಿಷ ಬೇಕು. ನೀವು 10 ನಿಮಿಷದಲ್ಲಿ ಬಂದರೆ ನಿಮ್ಮ ಸರಾಸರಿ 120. ಎರಡೂ ಕ್ಯಾಮೆರಾ ಎದುರು ನಿಧಾನ ಮಾಡಿದರೂ ಗಡಿಯಾರ ಸಾಕ್ಷಿ ಹೇಳುತ್ತದೆ. ಕ್ಯಾಮೆರಾ ಇರುವ ಜಾಗ ಬಾಯಿಪಾಠ ಮಾಡಿಕೊಂಡವರ ಜಾಣತನ ಇಂಥ ರಸ್ತೆಯಲ್ಲಿ ನಡೆಯುವುದಿಲ್ಲ.

ಕಾನೂನಿನಲ್ಲಿ ಏನಿದೆ

1988ರ ಮೋಟಾರು ವಾಹನ ಕಾಯ್ದೆಯ 112ನೇ ಸೆಕ್ಷನ್ ವೇಗದ ಮಿತಿಯದು, 183ನೇ ಸೆಕ್ಷನ್ ಅದನ್ನು ದಾಟಿದರೆ ಬೀಳುವ ದಂಡದ್ದು. 2019ರ ಸೆಪ್ಟೆಂಬರ್ 1ರಿಂದ ದಂಡ ಜಾಸ್ತಿ ಆಯಿತು. ಕಾರಿನಂಥ ಲಘು ವಾಹನಕ್ಕೆ 1,000ದಿಂದ 2,000 ರೂಪಾಯಿ, ಲಾರಿ, ಬಸ್ಸಿನಂಥವಕ್ಕೆ 2,000ದಿಂದ 4,000. ಕರ್ನಾಟಕದಲ್ಲಿ ಕಾರಿಗೆ 1,000 ಹಾಕುತ್ತಾರೆ. ಎರಡನೇ ಸಲ ಸಿಕ್ಕಿಬಿದ್ದರೆ ಲೈಸೆನ್ಸ್ ಕಿತ್ತಿಟ್ಟುಕೊಳ್ಳಲೂ ಕಾನೂನಿನಲ್ಲಿ ಅವಕಾಶ ಇದೆ.

ಮಿತಿ ಎಷ್ಟು? ಕೇಂದ್ರ ಸರ್ಕಾರ 2018ರಲ್ಲಿ ದೇಶಕ್ಕೆಲ್ಲ ಗರಿಷ್ಠ ಮಿತಿ ಹೇಳಿತು. ಕಾರಿಗೆ ಎಕ್ಸ್‌ಪ್ರೆಸ್‌ವೇಯಲ್ಲಿ 120, ಮಧ್ಯೆ ಡಿವೈಡರ್ ಇರುವ ನಾಲ್ಕು ಲೇನಿನ ರಸ್ತೆಯಲ್ಲಿ 100, ಊರೊಳಗೆ 70. ಆದರೆ ಇದು ಮೇಲಿನ ಗೆರೆ ಮಾತ್ರ. ಸ್ಥಳೀಯವಾಗಿ ಇದಕ್ಕಿಂತ ಕಮ್ಮಿ ಮಾಡಬಹುದು, ಮಾಡಿದ್ದಾರೆ ಕೂಡ. ಬೆಂಗಳೂರು–ಮೈಸೂರು ರಸ್ತೆಯನ್ನು ಜನ ಎಕ್ಸ್‌ಪ್ರೆಸ್‌ವೇ ಅಂತಲೇ ಕರೆಯುತ್ತಾರೆ. ಹಾಗಾಗಿ 120 ಓಕೆ ಅಂದುಕೊಂಡವರು ಬಹಳ. ಅಲ್ಲಿ ಕಾರಿಗೆ ಇರುವುದು 100. ರಸ್ತೆ ಬದಿಯ ಬೋರ್ಡ್ ಏನು ಹೇಳುತ್ತದೋ ಅದೇ ಕೊನೆಯ ಮಾತು. ಫೋನಿನ ಮ್ಯಾಪ್ ತೋರಿಸುವ ಮಿತಿ ಸಹಾಯಕ್ಕೆ ಸರಿ, ಆದರೆ ಬೋರ್ಡಿಗೂ ಅದಕ್ಕೂ ವ್ಯತ್ಯಾಸ ಇದ್ದರೆ ಬೋರ್ಡನ್ನೇ ನಂಬಿ.

130 ದಾಟಿದರೆ ಕಥೆಯೇ ಬೇರೆ. 2024ರ ಆಗಸ್ಟ್ 1ರಿಂದ ಕರ್ನಾಟಕದಲ್ಲಿ 130ಕ್ಕಿಂತ ಜಾಸ್ತಿ ವೇಗದಲ್ಲಿ ಹೋದವರ ಮೇಲೆ ಎಫ್‌ಐಆರ್ ಹಾಕುತ್ತೇವೆ ಅಂತ ಆಗಿನ ಸಂಚಾರ ಮತ್ತು ರಸ್ತೆ ಸುರಕ್ಷತಾ ವಿಭಾಗದ ಎಡಿಜಿಪಿ ಅಲೋಕ್ ಕುಮಾರ್ ಹೇಳಿದರು, ಕೇಸುಗಳೂ ದಾಖಲಾದವು. ಭಾರತೀಯ ನ್ಯಾಯ ಸಂಹಿತೆಯ 281ನೇ ಸೆಕ್ಷನ್ ಪ್ರಕಾರ ಅಡ್ಡಾದಿಡ್ಡಿ ಓಡಿಸಿದ್ದಕ್ಕೆ ಆರು ತಿಂಗಳ ತನಕ ಜೈಲು ಆಗಬಹುದು. ಫೋನಿನಲ್ಲಿ ದುಡ್ಡು ಕಟ್ಟಿ ಮರೆಯುವ ವಿಷಯ ಇದಲ್ಲ. ಪಾಸ್‌ಪೋರ್ಟ್ ಅಥವಾ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕುವ ಹುಡುಗರು ಇದನ್ನು ಗಮನಿಸಬೇಕು.

183ನೇ ಸೆಕ್ಷನ್‌ನಲ್ಲಿ ಬಹಳ ಜನರಿಗೆ ಗೊತ್ತಿಲ್ಲದ ಇನ್ನೆರಡು ವಿಷಯ ಇವೆ. ಒಂದು, "ಇವರು ಜೋರಾಗಿ ಬಂದ ಹಾಗೆ ನನಗೆ ಕಂಡಿತು" ಅಂತ ಒಬ್ಬ ಸಾಕ್ಷಿ ಹೇಳಿದ ಮಾತ್ರಕ್ಕೆ ಶಿಕ್ಷೆ ಕೊಡುವ ಹಾಗಿಲ್ಲ. ಯಂತ್ರದ ಅಳತೆ ಬೇಕು. ಎರಡನೆಯದು ನನಗೆ ತುಂಬ ಮುಖ್ಯ ಅನಿಸಿತು. ಮಿತಿಯಲ್ಲಿ ಹೋದರೆ ಮುಟ್ಟಲು ಸಾಧ್ಯವೇ ಇಲ್ಲದ ಸಮಯ ಕೊಟ್ಟು "ಇಷ್ಟೊತ್ತಿಗೆ ಅಲ್ಲಿರಬೇಕು" ಅಂತ ಡ್ರೈವರ್‌ಗೆ ಹೇಳಿದರೆ, ಹಾಗೆ ಹೇಳಿದ ಧಣಿಯ ಮೇಲೂ ಅಪರಾಧ ಬರಬಹುದು. ಟೆಂಪೊ, ಸ್ಕೂಲ್ ವ್ಯಾನ್, ಕಂಪನಿ ಕ್ಯಾಬ್ ಓಡಿಸುವ ಎಷ್ಟೋ ಜನ ಬೇರೆಯವರ ಅವಸರಕ್ಕೆ ತಮ್ಮ ಸಂಬಳದಿಂದ ದಂಡ ಕಟ್ಟುತ್ತಾರೆ. ಈ ಮಾತು ಅವರಿಗೂ ಅವರ ಧಣಿಗಳಿಗೂ ಗೊತ್ತಿರಬೇಕು.

ಗೊತ್ತಿಲ್ಲದೆ ವೇಗ ಏರುವುದು ಹೇಗೆ

ಈಗ ನನ್ನ 114ಕ್ಕೆ ಬರುತ್ತೇನೆ.

2019ರ ಜುಲೈ 1ರಿಂದ ತಯಾರಾದ ಕಾರುಗಳಲ್ಲಿ ವೇಗದ ಎಚ್ಚರಿಕೆ ಕಡ್ಡಾಯ. 80 ದಾಟಿದರೆ ಆಗಾಗ ಬೀಪ್ ಅನ್ನುತ್ತದೆ. 120 ದಾಟಿದರೆ ಬಿಡದೆ ಹೊಡೆದುಕೊಳ್ಳುತ್ತದೆ. ಒಳ್ಳೆಯ ವ್ಯವಸ್ಥೆಯೇ. ಆದರೆ 100ರ ಮಿತಿ ಇರುವ ರಸ್ತೆಯಲ್ಲಿ ಏನಾಗುತ್ತದೆ ನೋಡಿ. 90ರಲ್ಲಿ ಹೋಗುವಾಗಲೂ ಬೀಪ್ ಬರುತ್ತಲೇ ಇರುತ್ತದೆ, ಅದು ಅಲ್ಲಿ ತಪ್ಪೂ ಅಲ್ಲ. ಬಿಡದಿ ದಾಟುವಷ್ಟರಲ್ಲಿ ಕಿವಿ ಅದನ್ನು ಕೇಳುವುದನ್ನೇ ಬಿಟ್ಟುಬಿಡುತ್ತದೆ. ಇನ್ನೊಂದು ಎಚ್ಚರಿಕೆ ಬರುವುದು 120ಕ್ಕೆ. 100 ದಾಟಿದಾಗ ಕಾರು ಹೊಸದಾಗಿ ಏನೂ ಹೇಳುವುದಿಲ್ಲ. 101ರಿಂದ 119ರ ತನಕ ಒಂದೇ ಸದ್ದು. ನನ್ನ ಎರಡೂ ದಂಡ ಬಿದ್ದದ್ದು ಸರಿಯಾಗಿ ಈ ಸಂದಿಯಲ್ಲಿ.

ಎರಡನೆಯದು ರಸ್ತೆ. ಮುಂದೆ ನೇರ, ಅಗಲ, ಪಕ್ಕದಲ್ಲಿ ಮನೆ ಮರ ಹತ್ತಿರ ಇಲ್ಲ. ವೇಗ ನಮಗೆ ಗೊತ್ತಾಗುವುದೇ ಪಕ್ಕದ ವಸ್ತು ಸರ್ರನೆ ಹಿಂದೆ ಹೋದಾಗ. ಹಳೇ ಮೈಸೂರು ರಸ್ತೆಯಲ್ಲಿ ಚನ್ನಪಟ್ಟಣದ ಗೊಂಬೆ ಅಂಗಡಿಗಳ ಮುಂದೆ 60ರಲ್ಲಿ ಹೋದರೂ ಜೋರು ಅನಿಸುತ್ತಿತ್ತು. ಹೊಸ ರಸ್ತೆಯಲ್ಲಿ ಅದೇ ಊರನ್ನು ಬೈಪಾಸಿನಲ್ಲಿ 110ರಲ್ಲಿ ದಾಟಿದರೂ ತೇಲಿದ ಹಾಗಿರುತ್ತದೆ. ಹೊಸ ಕಾರುಗಳ ಒಳಗೆ ಸದ್ದೂ ಕಮ್ಮಿ.

ಮೂರನೆಯದು ಅಭ್ಯಾಸ. ಒಂದು ಗಂಟೆ 100ರಲ್ಲಿ ಓಡಿಸಿದ ಮೇಲೆ ಕಣ್ಣು ಅದನ್ನೇ ಸಾಧಾರಣ ಅಂದುಕೊಳ್ಳುತ್ತದೆ. ಆಮೇಲೆ 60ಕ್ಕೆ ಇಳಿಸಿದರೆ ಎತ್ತಿನ ಗಾಡಿಯಲ್ಲಿ ಕೂತ ಹಾಗಾಗುತ್ತದೆ. ಹೆದ್ದಾರಿ ಮುಗಿದು ಮೈಸೂರಿನ ರಿಂಗ್ ರೋಡ್ ಹತ್ತಿರ ಬರುವಾಗ, ಇಲ್ಲವೇ ಮಧ್ಯೆ ಕಾಫಿಗೆ ಅಂತ ಸರ್ವಿಸ್ ರೋಡಿಗೆ ಇಳಿಯುವಾಗ ಇದು ಬಹಳ ಅಪಾಯ. ಅಲ್ಲಿ ಸೈಕಲ್, ಟ್ರ್ಯಾಕ್ಟರ್, ನಡೆದು ಹೋಗುವವರು ಎಲ್ಲ ಇರುತ್ತಾರೆ. ನಿಧಾನಕ್ಕೆ ಹೋಗುತ್ತಿದ್ದೇನೆ ಅಂತ ಅನಿಸಿದರೂ ಮೀಟರ್ 75 ತೋರಿಸುತ್ತಿರುತ್ತದೆ.

ನಾಲ್ಕನೆಯದು ಹಿಂದಿನ ಗಾಡಿ. ಬಲಗಡೆ ಲೇನಿನಲ್ಲೇ ಕೂತರೆ ಯಾರೋ ಒಬ್ಬರು ಹಿಂದೆ ಬಂದು ಲೈಟ್ ಹೊಡೆಯುತ್ತಾರೆ. ನಮ್ಮ ಕಾಲು ತಾನೇ ಆಕ್ಸಿಲರೇಟರ್ ಒತ್ತುತ್ತದೆ. ಬಲಗಡೆ ಲೇನ್ ಇರುವುದು ಓವರ್‌ಟೇಕ್ ಮಾಡಲು. ದಾಟಿ, ಮತ್ತೆ ನಡುವಿನ ಲೇನಿಗೆ ಬಂದರೆ ಈ ಒತ್ತಡವೇ ಇರುವುದಿಲ್ಲ.

ಮೀಟರ್ ಬಗ್ಗೆಯೂ ಒಂದು ಮಾತು. ಕಾರಿನ ಸ್ಪೀಡೋಮೀಟರ್ ಸಾಮಾನ್ಯವಾಗಿ ನಿಜವಾದ ವೇಗಕ್ಕಿಂತ ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ, ಹಾಗೆಯೇ ತಯಾರು ಮಾಡುತ್ತಾರೆ. ಮೀಟರ್ 100 ಅಂದರೆ ಫೋನಿನ ಜಿಪಿಎಸ್ 95, 96 ಅನ್ನುವುದು ಇದಕ್ಕೇ. ಅಂದರೆ ಕ್ಯಾಮೆರಾಗೆ 114 ಕಂಡಾಗ ನನ್ನ ಮೀಟರ್ ಇನ್ನೂ ಮೇಲೆಯೇ ಇದ್ದಿರಬೇಕು. ನಾನು ಅದನ್ನು ನೋಡಿರಲೇ ಇಲ್ಲ. ಕಂಪನಿ ಹಾಕಿದ್ದಕ್ಕಿಂತ ದೊಡ್ಡ ಟೈರ್ ಹಾಕಿಸಿದವರಿಗೆ ಈ ಲೆಕ್ಕ ತಿರುಗಿಬೀಳುತ್ತದೆ. ಟೈರ್ ಒಂದು ಸುತ್ತಿಗೆ ಜಾಸ್ತಿ ದೂರ ಹೋಗುತ್ತದೆ, ಮೀಟರ್‌ಗೆ ಅದು ಗೊತ್ತಾಗುವುದಿಲ್ಲ. ಮೀಟರ್ 100 ಅಂದರೂ ಗಾಡಿ ಅದಕ್ಕಿಂತ ಮುಂದೆ ಇರಬಹುದು. ಅಂಥವರು ಒಮ್ಮೆ ಜಿಪಿಎಸ್ ಜೊತೆ ಹೋಲಿಸಿ ನೋಡುವುದು ಒಳ್ಳೆಯದು.

ಏನು ಮಾಡಬೇಕು

ನಾನು ಮಾಡಿದ ಮೊದಲ ಕೆಲಸ ಕಾರಿನ ಮೆನು ತೆರೆದು ಎಚ್ಚರಿಕೆಯ ವೇಗವನ್ನು 98ಕ್ಕೆ ಇಟ್ಟಿದ್ದು. ಕಡ್ಡಾಯದ ಬೀಪ್ ಬಿಟ್ಟು ನಮ್ಮದೇ ಒಂದು ಮಿತಿ ಇಟ್ಟುಕೊಳ್ಳುವ ಸೌಲಭ್ಯ ಬಹಳ ಕಾರುಗಳಲ್ಲಿ ಇದೆ. ಇಲ್ಲದಿದ್ದರೆ ಫೋನಿನ ಮ್ಯಾಪ್‌ನಲ್ಲಿ ಸ್ಪೀಡ್ ಎಚ್ಚರಿಕೆ ಹಾಕಿಕೊಳ್ಳಬಹುದು. ಕಣ್ಣಿನ ನೇರಕ್ಕೆ ಸ್ಟ್ಯಾಂಡಿನಲ್ಲಿ ಇಡಿ, ತೊಡೆ ಮೇಲೆ ಬೇಡ.

ಕ್ರೂಸ್ ಕಂಟ್ರೋಲ್ (ನಾವು ಇಟ್ಟ ವೇಗದಲ್ಲೇ ಕಾರು ತಾನೇ ಹೋಗುವ ಸೌಲಭ್ಯ) ಇದ್ದರೆ ರಸ್ತೆ ಖಾಲಿ ಇದ್ದಾಗ ಅದೇ ಒಳ್ಳೆಯದು. 95ಕ್ಕೆ ಇಟ್ಟರೆ ಕಾಲು ಅದನ್ನು ಏರಿಸುವ ಪ್ರಶ್ನೆಯೇ ಇಲ್ಲ. ಇಳಿಜಾರಿನಲ್ಲಿ ಮಾತ್ರ ಗಮನ ಇರಲಿ. ಸಾಧಾರಣ ಕ್ರೂಸ್ ಕಂಟ್ರೋಲ್ ಬ್ರೇಕ್ ಹಾಕುವುದಿಲ್ಲ, ಇಳಿಜಾರಿನಲ್ಲಿ ವೇಗ ತಾನೇ ಏರಬಹುದು. ಮಳೆ ಬಂದು ರಸ್ತೆಯಲ್ಲಿ ನೀರು ನಿಂತಾಗ ಅದನ್ನು ಆಫ್ ಮಾಡಿ.

ಇನ್ನು ಸಮಯದ ಲೆಕ್ಕ. ಬೆಂಗಳೂರು–ಮೈಸೂರು ಹೆದ್ದಾರಿ ಸುಮಾರು 118 ಕಿ.ಮೀ. ಮೊದಲಿನಿಂದ ಕೊನೆ ತನಕ 100ರಲ್ಲೇ ಹೋದರೆ 71 ನಿಮಿಷ. 110ರಲ್ಲಿ ಹೋದರೆ 64. ನನ್ನ ಹಾಗೆ ಓಡಿಸಿದರೆ ಉಳಿಯುವುದು ಏಳು ನಿಮಿಷ, ಅದೂ ಎಲ್ಲೂ ನಿಲ್ಲದಿದ್ದರೆ. ಕೆಂಗೇರಿ ದಾಟುವಾಗ ಎರಡು ಸಿಗ್ನಲ್‌ನಲ್ಲಿ ನಿಂತರೆ ಅದು ಹೋಯಿತು. ಮನೆಯಿಂದ ಹತ್ತು ನಿಮಿಷ ಮೊದಲು ಹೊರಟರೆ ಸಿಗುವ ನಿರಾಳ ಎಷ್ಟು ವೇಗದಿಂದಲೂ ಸಿಗುವುದಿಲ್ಲ.

100ಕ್ಕೂ 120ಕ್ಕೂ ನಡುವಿನ 20 ಕಿ.ಮೀ. ವ್ಯತ್ಯಾಸ ಬ್ರೇಕ್ ಹಾಕುವಾಗ ಏನು ಮಾಡುತ್ತದೆ ಅಂತ ಲೆಕ್ಕ ಹಾಕಿದಾಗ ನನಗೆ ನಿಜವಾಗಿ ಭಯ ಆಯಿತು. ಎರಡು ಕಾರು ಅಕ್ಕಪಕ್ಕ ಹೋಗುತ್ತಿವೆ. ಒಂದು 100ರಲ್ಲಿ, ಇನ್ನೊಂದು 120ರಲ್ಲಿ. ಮುಂದೆ ಒಂದು ಹಸು ಅಡ್ಡ ಬಂತು. ಇಬ್ಬರೂ ಒಂದೇ ಕ್ಷಣ ನೋಡಿದರು. ಕಾಲು ಬ್ರೇಕ್ ಮುಟ್ಟಲು ಒಂದೂವರೆ ಸೆಕೆಂಡ್ ಬೇಕು ಅಂತಿಟ್ಟುಕೊಳ್ಳಿ. ಅಷ್ಟರಲ್ಲಿ ಮೊದಲ ಕಾರು ಸುಮಾರು 42 ಮೀಟರ್ ಹೋಗಿರುತ್ತದೆ, ಎರಡನೆಯದು 50. ಒಣ ರಸ್ತೆ, ಒಳ್ಳೆಯ ಬ್ರೇಕ್ ಇದ್ದರೆ ಮೊದಲನೆಯದು ಒಟ್ಟು 98 ಮೀಟರ್‌ನಲ್ಲಿ ನಿಲ್ಲುತ್ತದೆ. ಅದು ನಿಂತ ಅದೇ ಜಾಗದಲ್ಲಿ ಎರಡನೆಯ ಕಾರು ಇನ್ನೂ ಗಂಟೆಗೆ ಸುಮಾರು 75 ಕಿ.ಮೀ. ವೇಗದಲ್ಲಿ ಇರುತ್ತದೆ. ಒಬ್ಬರು ಹಸುವಿನ ಮುಂದೆ ನಿಂತಿದ್ದಾರೆ. ಇನ್ನೊಬ್ಬರು 75ರಲ್ಲಿ ಅದಕ್ಕೆ ಗುದ್ದುತ್ತಿದ್ದಾರೆ.

ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅದರಲ್ಲಿ 71.2 ಶೇಕಡ ಅತಿವೇಗದಿಂದ. ಕರ್ನಾಟಕದಲ್ಲೇ ಆ ವರ್ಷ 11,702 ಜನ ಹೋದರು. ಕ್ಯಾಮೆರಾ ಇರುವುದು ದುಡ್ಡು ವಸೂಲಿಗೆ ಅಂತ ನಾನೂ ಹಿಂದೆ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ.

ಪ್ಲೇಟ್ ಬಗ್ಗಿಸುವುದು, ಒಂದು ಅಂಕಿ ಮೇಲೆ ಸ್ಟಿಕ್ಕರ್ ಅಂಟಿಸುವುದು, ಪ್ಲೇಟಿಗೆ ಮಾಸ್ಕ್ ಕಟ್ಟುವುದು ಇವೆಲ್ಲ ಬೇಡವೇ ಬೇಡ. 1,000 ರೂಪಾಯಿಯ ದಂಡ ತಪ್ಪಿಸಲು ಹೋಗಿ ಪೊಲೀಸ್ ಕೇಸ್ ಮೈಮೇಲೆ ಎಳೆದುಕೊಂಡ ಹಾಗೆ. 50 ಶೇಕಡ ರಿಯಾಯಿತಿ ಬರಲಿ ಅಂತ ಕಾಯುತ್ತಾ ದಂಡ ಗುಡ್ಡೆ ಹಾಕಿಕೊಳ್ಳುವುದೂ ಸರಿಯಲ್ಲ. 2023ರ ಫೆಬ್ರವರಿಯಲ್ಲಿ ಅಂಥ ರಿಯಾಯಿತಿ ಕೊಟ್ಟಾಗ ಬೆಂಗಳೂರಿನಲ್ಲಿ 100 ಕೋಟಿಗೂ ಜಾಸ್ತಿ ದಂಡ ಕಟ್ಟಿದರು. ಮತ್ತೆ ಯಾವಾಗ ಬರುತ್ತದೆ ಅಂತ ಯಾರಿಗೂ ಮೊದಲೇ ತಿಳಿಯುವುದಿಲ್ಲ.

ದಂಡ ತಪ್ಪಾಗಿ ಬಂದಿದ್ದರೆ

ಮೆಸೇಜ್ ಬಂದ ಕೂಡಲೇ ಅದರೊಳಗಿನ ಲಿಂಕ್ ಒತ್ತಬೇಡಿ. ಟ್ರಾಫಿಕ್ ಚಲನ್ ಅಂತ ವಾಟ್ಸಾಪ್‌ನಲ್ಲಿ ಎಪಿಕೆ ಫೈಲ್ (ಒತ್ತಿದರೆ ಫೋನಿಗೆ ಆಪ್ ಹಾಕುವ ಫೈಲ್) ಕಳಿಸಿ ಬ್ಯಾಂಕ್ ಖಾತೆ ಖಾಲಿ ಮಾಡುವ ಕಳ್ಳರು ಇದ್ದಾರೆ. ಸರ್ಕಾರದ ಇ-ಚಲನ್ ವೆಬ್‌ಸೈಟಿಗೋ ಪೊಲೀಸರ ಆಪ್‌ಗೋ ನೀವೇ ಹೋಗಿ ಗಾಡಿ ನಂಬರ್ ಹಾಕಿ ನೋಡಿ. ನಿಜವಾದ ದಂಡ ಆದರೆ ಅಲ್ಲಿ ಇದ್ದೇ ಇರುತ್ತದೆ.

ಆಮೇಲೆ ಫೋಟೋ ನೋಡಿ. ಗಾಡಿಯ ಬಣ್ಣ, ಮಾಡೆಲ್ ನಿಮ್ಮದೇನಾ? ಪ್ಲೇಟಿನ ಅಕ್ಷರ ಕ್ಯಾಮೆರಾ ಸರಿಯಾಗಿ ಓದಿದೆಯಾ? 8 ಅನ್ನು ಬಿ ಅಂತಲೂ 0 ಅನ್ನು ಡಿ ಅಂತಲೂ ಓದುವುದುಂಟು. ನಿಮ್ಮ ನಂಬರನ್ನೇ ಬೇರೆಯವರು ತಮ್ಮ ಗಾಡಿಗೆ ಹಾಕಿಕೊಂಡಿದ್ದರೆ ತಡ ಮಾಡದೆ ಪೊಲೀಸರಿಗೆ ದೂರು ಕೊಡಿ. 2021ರಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ ಕ್ಯಾಮೆರಾ, ಸ್ಪೀಡ್ ಗನ್‌ಗಳಿಗೆ ಪ್ರತಿ ವರ್ಷ ನವೀಕರಿಸುವ ಪ್ರಮಾಣಪತ್ರ ಇರಬೇಕು. ಕ್ಯಾಮೆರಾ ಇರುವ ರಸ್ತೆಯಲ್ಲಿ ಮೊದಲೇ ಎಚ್ಚರಿಕೆ ಬೋರ್ಡ್ ಇರಬೇಕು. ತಪ್ಪು ನಡೆದ 15 ದಿನದೊಳಗೆ ನೋಟಿಸ್ ಕಳಿಸಬೇಕು, ಅದರಲ್ಲಿ ಜಾಗ, ದಿನ, ಹೊತ್ತು, ಫೋಟೋ, ಅಳತೆ ಇರಬೇಕು. ನಿಮ್ಮ ತಕರಾರು ಇವುಗಳ ಮೇಲೆ ನಿಂತರೆ ಕೇಳುವವರಿರುತ್ತಾರೆ. "ಎಲ್ಲರೂ ಹಾಗೇ ಹೋಗ್ತಿದ್ರು ಸಾರ್" ಅಂದರೆ ಉಪಯೋಗವಿಲ್ಲ.

ದಂಡ ಬರುವುದು ಓಡಿಸಿದವರಿಗಲ್ಲ, ಆರ್‌ಸಿಯಲ್ಲಿ ಹೆಸರಿರುವವರಿಗೆ. ಇದರಿಂದ ಒದ್ದಾಡಿದವರು ಬಹಳ. ನನ್ನ ಗೆಳೆಯನೊಬ್ಬ ತನ್ನ ಹಳೇ ಕಾರನ್ನು ಪರಿಚಯದವರಿಗೆ ಮಾರಿ, ದುಡ್ಡು ತಗೊಂಡು, ಫಾರಂಗೆ ಸಹಿ ಹಾಕಿ ಕೊಟ್ಟು ಸುಮ್ನೆ ಇದ್ದ. ಅವರು ಹೆಸರು ಬದಲಾಯಿಸಿಕೊಳ್ಳಲೇ ಇಲ್ಲ. ಅವನ ಫೋನ್ ನಂಬರೂ ಅಷ್ಟರಲ್ಲಿ ಬದಲಾಗಿತ್ತು, ಹಾಗಾಗಿ ಒಂದು ಮೆಸೇಜೂ ಸಿಗಲಿಲ್ಲ. ವರ್ಷದ ಮೇಲೆ ಯಾಕೋ ಅನುಮಾನ ಬಂದು ನೋಡಿದರೆ ಅವನ ಹೆಸರಿನಲ್ಲಿ ಒಂಬತ್ತು ದಂಡ. ಹೊಸ ಮಾಲೀಕರ ಮನೆಗೆ ಎರಡು ಸಲ ಹೋಗಿ, ಜೊತೆಗೇ ಕರೆದುಕೊಂಡು ಆರ್‌ಟಿಒಗೆ ಹೋಗಿ, ಬಾಕಿ ಕಟ್ಟಿಸಿ, ಆರ್‌ಸಿ ಅವರ ಹೆಸರಿಗೆ ಮಾಡಿಸಿದ. ಅದೇ ದಿನ ತನ್ನ ಈಗಿನ ಕಾರಿನ ದಾಖಲೆಯಲ್ಲಿ ಹೊಸ ಫೋನ್ ನಂಬರನ್ನೂ ಹಾಕಿಸಿದ. ಸಂಜೆ ನನಗೆ ಫೋನ್ ಮಾಡಿ "ನಿನ್ನ ಆರ್‌ಸಿಯಲ್ಲಿ ಯಾವ ನಂಬರ್ ಇದೆ, ನೋಡಿದೀಯಾ?" ಅಂತ ಕೇಳಿದ. ನಾನೂ ಅವತ್ತೇ ತೆಗೆದು ನೋಡಿದೆ.